ಕಿವಿ ಮುಟ್ಟಿದರೆ ಆರು ವರ್ಷ

"ಎಲ್ಲಿ, ಬಲಗೈ ಎತ್ತು. ತಲೆ ಮೇಲಿಂದ ತಂದು ಎಡಗಿವಿ ಮುಟ್ಟು."

1979ರ ಜೂನ್‌ನಲ್ಲಿ ಗೌರಿಬಿದನೂರು ಕಡೆಯ ಅಲೀಪುರದ ಶಾಲೆಯೊಂದರ ಜಗಲಿಯ ಮೇಲೆ ದಾಖಲಾತಿ ಪುಸ್ತಕ ಹರಡಿಕೊಂಡು ಕೂತು ನಾನು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದ ಮಾತು ಇದು. ಬೆರಳ ತುದಿ ಕಿವಿಗೆ ತಾಗಿದರೆ ಮಗುವಿಗೆ ಆರು ತುಂಬಿದೆ, ಒಂದನೇ ಕ್ಲಾಸಿಗೆ ಹೆಸರು ಬರೆಯಬಹುದು. ತಾಗದಿದ್ದರೆ ಮುಂದಿನ ವರ್ಷ ಬಾ. ಚುರುಕಾದ ಮಕ್ಕಳು ಕತ್ತನ್ನು ಬಲಕ್ಕೆ ವಾಲಿಸಿ ಕಿವಿಯನ್ನೇ ಬೆರಳಿನ ಹತ್ತಿರ ತಂದುಬಿಡುತ್ತಿದ್ದವು. ಅಂಥವನ್ನು ನಾನು ಸೇರಿಸಿಕೊಂಡುಬಿಡುತ್ತಿದ್ದೆ. ಅಷ್ಟು ಬುದ್ಧಿ ಇದ್ದ ಮೇಲೆ ವಯಸ್ಸು ಕಟ್ಟಿಕೊಂಡು ಏನಾಗಬೇಕು?

ಜನನ ಮರಣ ನೋಂದಣಿ ಕಾಯ್ದೆ 1969ರಲ್ಲೇ ಬಂದಿತ್ತು. ಆದರೆ ಹೆರಿಗೆ ಮನೆಯಲ್ಲೇ ಆಗುತ್ತಿದ್ದ ಕಾಲ. ಜನನ ಪತ್ರ ಹಿಡಿದು ಬಂದ ತಂದೆ ತಾಯಿಯನ್ನು ಆ ಜಗಲಿಯ ಮೇಲೆ ಕಂಡ ನೆನಪು ನನಗಿಲ್ಲ. "ಯಾವಾಗ ಹುಟ್ಟಿದ್ದಮ್ಮಾ?" ಅಂದರೆ, "ಆರು ಮೊಹರಂ ಆಗೋಯ್ತು ಮೇಷ್ಟ್ರೇ ಇದಕ್ಕೆ" ಅನ್ನುವ ಉತ್ತರ. ಅಲೀಪುರ ಶಿಯಾ ಮುಸ್ಲಿಮರ ಊರು. ಅಲ್ಲಿ ವರ್ಷ ತಿರುಗುವುದು ಮೊಹರಂನ ಸುತ್ತ. ಚಂದ್ರನ ವರ್ಷ ನಮ್ಮ ಗೋಡೆ ಕ್ಯಾಲೆಂಡರಿಗಿಂತ ಹತ್ತು ಹನ್ನೊಂದು ದಿನ ಚಿಕ್ಕದು ಎನ್ನುವುದು ನನಗೆ ತಿಳಿಯಲು ಒಂದು ದಾಖಲಾತಿ ಕಾಲ ಬೇಕಾಯಿತು. ಆರು ಮೊಹರಂ ಆದರೆ ಕ್ಯಾಲೆಂಡರಿನ ಆರು ವರ್ಷಕ್ಕೆ ಇನ್ನೂ ಎರಡು ತಿಂಗಳು ಬಾಕಿ! ಆ ಎರಡು ತಿಂಗಳನ್ನು ನಾನು ಕಿವಿಯ ಮೇಲೆ ಬಿಟ್ಟಿದ್ದೆ.

ತಮಾಷೆಯೆಂದರೆ ಅದು ಹರಳು ಉಜ್ಜುವವರ ಊರು. ಸಾಣೆಯ ಮುಂದೆ ಕೂತ ಮನುಷ್ಯ ಹರಳನ್ನು ಸೆಂಟಿನವರೆಗೆ ತೂಗುತ್ತಾನೆ. ಒಂದು ಕ್ಯಾರಟ್ ಅಂದರೆ 200 ಮಿಲಿಗ್ರಾಂ. ಅದರ ನೂರನೇ ಒಂದು ಪಾಲು ಸೆಂಟು. ಅಂಥ ಮನೆಯಿಂದ ಬಂದ ಮಗುವಿನ ವಯಸ್ಸನ್ನು ನಾನು ಕೈಬೆರಳು, ಕಿವಿ ನೋಡಿ ನಿರ್ಧರಿಸುತ್ತಿದ್ದೆ.

ನಿರ್ಧರಿಸಿದ ಮೇಲೆ ತಾರೀಖು ಬರೆಯಬೇಕಲ್ಲ. ಜೂನ್ 1 ಬರೆಯುತ್ತಿದ್ದೆ. ನನ್ನ ಪೆನ್ನಿನಿಂದ ನೂರಾರು ಮಕ್ಕಳು ಜೂನ್ 1ರಂದು ಹುಟ್ಟಿದ್ದಾರೆ. ನಾನೂ ಹಾಗೆ ಹುಟ್ಟಿದವನೇ. ನಮ್ಮ ಮೇಷ್ಟ್ರು ನನಗೆ ಕೊಟ್ಟ ಜನ್ಮದಿನ 1-6-1952. ಅದರ ಪ್ರಕಾರ 2012ರ ಮೇ 31ಕ್ಕೆ ನಿವೃತ್ತನಾದೆ. ಈ ರಾಜ್ಯದಲ್ಲಿ ಮೇ 31ಕ್ಕೆ ಸರಕಾರಿ ನೌಕರರು ಗುಂಪುಗುಂಪಾಗಿ ನಿವೃತ್ತರಾಗುವುದಕ್ಕೆ ಕಾರಣ ಹುಡುಕುವವರು ಆ ಕಾಲದ ಮೇಷ್ಟ್ರುಗಳನ್ನು ಕೇಳಬೇಕು.

ಈಗ ಇದನ್ನೆಲ್ಲ ಬರೆಯಲು ಕಾರಣ ನನ್ನ ಮೊಮ್ಮಗ ಮತ್ತು ಒಂದು ಮನರಂಜನಾ ಪಾರ್ಕಿನ ಅಳತೆ ಹಲಗೆ. ಅಲ್ಲಿಗೆ ಬರುವ ಮೊದಲು ರಂಕಲರಾಟೆಯ ವಿಷಯ ಹೇಳಬೇಕು.

ನಮ್ಮದು ಮಂಚೇನಹಳ್ಳಿ ಕಡೆಯ ಹಳ್ಳಿ. ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಶುರುವಾಯಿತು ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತೆಲುಗಿನವರ ರಂಕುಲ ರಾಟ್ನಂ ನಮ್ಮ ಬಾಯಲ್ಲಿ ರಂಕಲರಾಟೆ. ಪರಿಷೆ ಎಂದರೆ ನಮಗೆ ವಿದುರಾಶ್ವತ್ಥ, ಘಾಟಿ, ಶಿವರಾತ್ರಿಗೆ ನಂದಿ. ವಿದುರಾಶ್ವತ್ಥ ಅಂದಕೂಡಲೇ ಅಜ್ಜಿ ರಾಟೆಗಿಂತ ಮೊದಲು ಗೋಲಿಬಾರಿನ ಮಾತು ತೆಗೆಯುತ್ತಿದ್ದಳು. 1938ರ ಏಪ್ರಿಲ್ 25. ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಗುಂಡು ಹಾರಿದ ದಿನ. ನಮ್ಮ ಹಳ್ಳಿಯಲ್ಲಿ ವಯಸ್ಸಿನ ಲೆಕ್ಕವೂ ಅಲ್ಲಿಂದಲೇ: "ಗೋಲಿಬಾರ್ ಆದಾಗ ಇವನು ಹೊಟ್ಟೆಯಲ್ಲಿದ್ದ." ಇನ್ನೂ ಹಿರಿಯರದು ಗಾಂಧಿ ನಂದಿಬೆಟ್ಟಕ್ಕೆ ಬಂದ ಲೆಕ್ಕ. ಅದರಲ್ಲೂ ಎರಡು ಸಲ ಬಂದಿದ್ದರಿಂದ (1927, 1936) ಒಂಬತ್ತು ವರ್ಷ ಆಚೀಚೆ ಆಗುವ ಅಪಾಯವಿತ್ತು.

ರಾಟೆ ಮರದ್ದು. ನೆಲದಲ್ಲಿ ಹೂತ ಎರಡು ಕಂಬ, ನಡುವೆ ಇರುಸು, ನಾಲ್ಕು ತೊಟ್ಟಿಲು. ಮೋಟಾರಿಲ್ಲ. ಇಬ್ಬರು ಗಂಡಸರು ಕೈಯಿಂದ ಎಳೆದು ತಳ್ಳಿ ತಿರುಗಿಸುತ್ತಿದ್ದರು. ಹರಳೆಣ್ಣೆ ಬಿಟ್ಟರೂ ಇರುಸು ಕಿರ್ರೋ ಎನ್ನುತ್ತಿತ್ತು. ಸುತ್ತಿಗೆ ಅರ್ಧಾಣೆ. ಹೊಸ ದುಡ್ಡು ಬಂದಿದ್ದರಿಂದ ಮೂರು ನಯಾಪೈಸೆ.

ರಾಟೆಯವನಿಗೆ ನಮ್ಮ ಎತ್ತರವೂ ಬೇಡ, ವಯಸ್ಸೂ ಬೇಡ. ಅವನದು ತೂಕದ ಲೆಕ್ಕ. ಕೈಯಿಂದ ತಿರುಗಿಸುವ ಚಕ್ರ ಒಂದು ಕಡೆ ಭಾರವಾದರೆ ತಿರುಗಿಸುವವರ ಸೊಂಟ ಹೋಗುತ್ತದೆ. ಹಾಗಾಗಿ ಒಂದು ತೊಟ್ಟಿಲಿಗೆ ನಮ್ಮಜ್ಜಿ ಕೂತರೆ ಎದುರು ತೊಟ್ಟಿಲಿಗೆ ಮೂವರು ಹುಡುಗರು. ಜನರನ್ನು ನೋಡಿದರೇ ಸಾಕು, ತಕ್ಕಡಿ ಹಿಡಿದವನ ಹಾಗೆ ಅವನಿಗೆ ಗೊತ್ತಾಗುತ್ತಿತ್ತು. ಇದ್ದ ಕಾನೂನು ಒಂದೇ. ಅದನ್ನು ಅವನು ಪ್ರತಿ ಸುತ್ತಿಗೂ ಕೂಗುತ್ತಿದ್ದ: "ಎಳೇ ಮಕ್ಕಳನ್ನ ಮಡಿಲಲ್ಲಿ ಕೂರಿಸ್ಕೊಳ್ರವ್ವ!"

ನಾನು ಅಜ್ಜಿಯ ಮಡಿಲಲ್ಲಿ ಕೂರಲು ಒಪ್ಪಲಿಲ್ಲ. ಪಕ್ಕದಲ್ಲಿ ಕೂತೆ. ಮೂರನೇ ಸುತ್ತಿಗೆ ತೊಟ್ಟಿಲು ತುದಿಗೆ ಹೋದಾಗ ಕೆಳಗೆ ಬತ್ತಾಸಿನ ಅಂಗಡಿಗಳ ಸಾಲು, ತೇರಿನ ಕಳಸ, ಎತ್ತಿನ ಗಾಡಿಗಳು ಎಲ್ಲ ಒಟ್ಟಿಗೆ ಕಂಡವು. ಎದ್ದು ನಿಂತೆ. ತೊಟ್ಟಿಲು ಇಳಿಯತೊಡಗಿತು, ಕಾಲ ಕೆಳಗಿನ ಹಲಗೆ ಹೋಗಿಬಿಟ್ಟ ಹಾಗಾಯಿತು. ಅಷ್ಟರಲ್ಲಿ ಹಿಂದಿನಿಂದ ಅಜ್ಜಿಯ ಕೈ ಬಂದು ಚಡ್ಡಿಯ ಪಟ್ಟಿ ಹಿಡಿದು ಕೂರಿಸಿತು. ಗುಂಡಿ ಕಿತ್ತುಹೋಯಿತು. ಇಳಿದ ಮೇಲೆ ಚಡ್ಡಿ ಹಿಡಿದುಕೊಂಡೇ ಪರಿಷೆಯೆಲ್ಲ ಸುತ್ತಿದೆ.

ಈ ರಾಟೆ ನಮ್ಮ ಕಡೆಯದು ಮಾತ್ರವಲ್ಲ. ಇಟಲಿಯ ಪಿಯೆತ್ರೋ ದೆಲ್ಲಾ ವಾಲೆ ಎಂಬ ಪ್ರವಾಸಿ 1615ರಲ್ಲಿ ಇಸ್ತಾಂಬುಲಿನಲ್ಲಿ ರಂಜಾನ್ ಕಾಲದ ಹಬ್ಬದಲ್ಲಿ ಇಂಥದೇ ಚಕ್ರ ಹತ್ತಿ ಬಹಳ ಖುಷಿಪಟ್ಟು ಬರೆದಿದ್ದಾನೆ. ಪಕ್ಕದಲ್ಲಿ ಕೂತ ಗ್ರೀಕನೊಬ್ಬ ಮಾತ್ರ ತಾಳಲಾರದೆ ಸಾಕು ಸಾಕು ಎಂದು ಕೂಗಿಕೊಂಡನಂತೆ. ಇದೇ ದೆಲ್ಲಾ ವಾಲೆ ಎಂಟು ವರ್ಷದ ನಂತರ, 1623ರಲ್ಲಿ, ಕೆಳದಿಯ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ. ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ನಾಲ್ವರು ಹುಡುಗರು ನೆಲಕ್ಕೆ ಮರಳು ಹರಡಿ ಬೆರಳಲ್ಲಿ ಅಂಕಿ ಬರೆಯುತ್ತ, ರಾಗವಾಗಿ ಲೆಕ್ಕ ಒಪ್ಪಿಸುತ್ತಿದ್ದದ್ದನ್ನು ಕಂಡು ಬರೆದಿಟ್ಟ. ಮೇಷ್ಟ್ರ ಕಸುಬಿನವನಾದ ನನಗೆ ಆ ಮರಳು ಚಕ್ರಕ್ಕಿಂತ ಹೆಚ್ಚು ಇಷ್ಟ. ಆ ಹುಡುಗರಿಗೆ ಎಷ್ಟು ವಯಸ್ಸೋ, ಅವರ ಕೈ ಕಿವಿಗೆ ತಾಗುತ್ತಿತ್ತೋ ಇಲ್ಲವೋ.

ಕಬ್ಬಿಣದ ಮಹಾಚಕ್ರ ಬಂದದ್ದು 1893ರ ಜೂನ್‌ನಲ್ಲಿ, ಶಿಕಾಗೋ ಮೇಳದಲ್ಲಿ. ಫೆರಿಸ್ ಎಂಬ ಎಂಜಿನಿಯರ್ ಕಟ್ಟಿದ್ದು, 264 ಅಡಿ ಎತ್ತರ, 36 ಡಬ್ಬಿ, ಒಂದೊಂದರಲ್ಲಿ 60 ಜನ. ಆ ಡಬ್ಬಿಗಳು ಗಾಜು ಕೂರಿಸಿದ ಕೋಣೆಗಳಂತಿದ್ದವು. ಮಗು ಎಷ್ಟು ಚಿಕ್ಕದಾದರೂ ಬೀಳುವ ಭಯವಿರಲಿಲ್ಲ. ತೊಡಕು ಶುರುವಾದದ್ದು ಹಳಿಯ ಮೇಲೆ ಓಡಿ ಬೀಳುವ ಆಟದ ಗಾಡಿಗಳಿಂದ. ಅಲ್ಲಿ ಮನುಷ್ಯ ಸೀಟಿನಿಂದ ಏಳುತ್ತಾನೆ, ಹಿಡಿದು ಕೂರಿಸಲು ಅಜ್ಜಿ ಇಲ್ಲ. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ 1907ರಲ್ಲಿ ಓಡಿದ ಒಂದು ಗಾಡಿಗೆ ಮೊದಲ ಬಾರಿ ತೊಡೆಯ ಮೇಲೆ ಬಂದು ಕೂರುವ ಸರಳು ಹಾಕಿದರು ಎನ್ನುತ್ತಾರೆ. 1959ರಲ್ಲಿ ಡಿಸ್ನಿಲ್ಯಾಂಡಿನ ಮ್ಯಾಟರ್‌ಹಾರ್ನ್ ಬೆಟ್ಟದ ಸುತ್ತ ಉಕ್ಕಿನ ಕೊಳವೆ ಹಳಿ ಬಂತು. ಕೊಳವೆಯನ್ನು ಬೇಕಾದ ಹಾಗೆ ಬಗ್ಗಿಸಬಹುದು; ಮುಂದೆ ಹಳಿಗಳು ತಲೆಕೆಳಗೂ ಆದವು. ಈಗ ಆ ಮ್ಯಾಟರ್‌ಹಾರ್ನ್ ಹತ್ತಲು ಮಗು 42 ಇಂಚು ಇರಬೇಕು.

ನಾನು ಹೇಳಬೇಕೆಂದಿರುವುದು ಇಷ್ಟೇ: ಎತ್ತರದ ಗೆರೆ ಬಂದದ್ದು ಮಡಿಲು ಹೋಗಿ ಸರಳು ಬಂದಾಗ. ಅಜ್ಜಿಯ ಕೈ ಮೂರು ತಿಂಗಳ ಕೂಸಿಗೂ ಹೊಂದುತ್ತದೆ, ಹನ್ನೆರಡರ ಪೋರನಿಗೂ ಹೊಂದುತ್ತದೆ. ಕಬ್ಬಿಣ ಹಾಗೆ ಹೊಂದುವುದಿಲ್ಲ. ಅದು ಒಂದು ಅಳತೆಯ ಮೈಗೆಂದು ಮಾಡಿದ್ದು. ಆ ಅಳತೆಗಿಂತ ಚಿಕ್ಕ ಮೈ ಸರಳಿನ ಕೆಳಗಿಂದ ಜಾರುತ್ತದೆ. ಚಿಕ್ಕ ಮಗುವಿನ ಕಾಲು ನೆಲಕ್ಕೆ ತಾಗುವುದಿಲ್ಲ, ಊರಿ ಕೂರಲು ಆಗುವುದಿಲ್ಲ. ಇನ್ನೊಂದು ಸಂಗತಿ ಇದೆ. ಹುಟ್ಟಿದ ಕೂಸಿನ ಮೈಯಲ್ಲಿ ಕಾಲು ಭಾಗ ತಲೆಯೇ. ದೊಡ್ಡವರಲ್ಲಿ ಅದು ಏಳೆಂಟರಲ್ಲಿ ಒಂದು ಪಾಲು. ಚಿಕ್ಕ ಮಗು ಮೇಲ್ಭಾರದ್ದು. ಗಾಡಿ ಗಕ್ಕನೆ ತಿರುಗಿದರೆ ತಲೆ ಮೊದಲು ಹೋಗುತ್ತದೆ, ಕತ್ತಿಗೆ ತಡೆಯುವ ಶಕ್ತಿ ಇರುವುದಿಲ್ಲ.

ಈ ತಲೆಯ ಲೆಕ್ಕ ಓದಿದಾಗ ನನಗೆ ಅಲೀಪುರದ ಜಗಲಿ ನೆನಪಾಯಿತು. ಕಿವಿಯ ಪರೀಕ್ಷೆ ನಿಂತಿರುವುದೂ ಇದರ ಮೇಲೆಯೇ! ನಾಲ್ಕರ ಮಗುವಿನ ತಲೆ ದೊಡ್ಡದು, ತೋಳು ಗಿಡ್ಡ. ಬೆರಳು ನೆತ್ತಿಯ ಆಚೆ ಇಳಿಯುವುದಿಲ್ಲ. ಆರೇಳರ ಹೊತ್ತಿಗೆ ತೋಳು ಬೆಳೆದು ತಲೆಯನ್ನು ದಾಟುತ್ತದೆ. ಪೂರ್ವ ಆಫ್ರಿಕದ ಶಾಲೆಗಳಲ್ಲೂ ಮಕ್ಕಳನ್ನು ಹೀಗೆಯೇ ಸೇರಿಸಿಕೊಳ್ಳುತ್ತಿದ್ದರಂತೆ. ನಮ್ಮ ಮೇಷ್ಟ್ರುಗಳು ದಡ್ಡರಾಗಿರಲಿಲ್ಲ.

ವಯಸ್ಸಿನ ವಿಷಯದಲ್ಲಿ ಬಸ್ಸಿನದು ಬೇರೆಯೇ ಕಥೆ. ಮೈಸೂರು ಸರಕಾರದ ಬಸ್ಸು 1948ರ ಸೆಪ್ಟೆಂಬರ್ 12ರಂದು 120 ಗಾಡಿಗಳಿಂದ ಶುರುವಾಯಿತು. 1961ರಲ್ಲಿ ಅದು ನಿಗಮವಾಯಿತು. ಅದಕ್ಕೂ ಹಿಂದಿನ ಕಾಲದಲ್ಲಿ ಗೌರಿಬಿದನೂರಿನ ಹೊಸೂರಿನಿಂದ ಒಬ್ಬ ಹುಡುಗ ಬಸ್ಸಿಗೆ ಕಾಸಿಲ್ಲದೆ, ಓದಬೇಕೆಂದು, 1935ರಲ್ಲಿ ಎರಡು ದಿನ ನಡೆದು ಬೆಂಗಳೂರು ಸೇರಿದ. ಅವರೇ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್. ನರಸಿಂಹಯ್ಯನವರು. ನಮ್ಮ ಕಾಲಕ್ಕೆ ಆರರವರೆಗೆ ಟಿಕೆಟ್ ಇಲ್ಲ, ಹನ್ನೆರಡರವರೆಗೆ ಅರ್ಧ. ಕಂಡಕ್ಟರ್ ಕೈಯಲ್ಲಿ ಜನನ ಪತ್ರ ಇಲ್ಲ, ಕಣ್ಣಿನ ಅಳತೆಯೇ ಪ್ರಮಾಣ. ಒಂದು ಸಂಜೆ ಅಲೀಪುರದಿಂದ ಗೌರಿಬಿದನೂರಿಗೆ ಹೋಗುವ ಬಸ್ಸಿನಲ್ಲಿ ಇದ್ದೆ. ಅಂದು ಬೆಳಿಗ್ಗೆ ಕಿವಿ ಮುಟ್ಟಿ ನನ್ನ ಕೈಯಿಂದ ಆರು ವರ್ಷ ಪಡೆದಿದ್ದ ಹುಡುಗ ತಾಯಿಯ ಜೊತೆ ಮುಂದಿನ ಸೀಟಿನಲ್ಲಿದ್ದ. "ಎಷ್ಟು ವರ್ಷ ಇವನಿಗೆ?" ಎಂದು ಕಂಡಕ್ಟರ್. "ಐದೂ ಆಗಿಲ್ಲ ಸಾಬ್" ಎಂದು ಆಕೆ. ಹೇಳುತ್ತಲೇ ತಿರುಗಿದವರು ನನ್ನನ್ನು ನೋಡಿಬಿಟ್ಟರು. ನಾನು ಕಿಟಕಿಯ ಹೊರಗೆ ಹುಣಸೆಮರ ಎಣಿಸಿದೆ.

ಬಸ್ಸಿನಲ್ಲಿ ಮಗು ಕುಗ್ಗುತ್ತದೆ, ಶಾಲೆಯ ಬಾಗಿಲಲ್ಲಿ ಬೆಳೆಯುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಈ ತಾಪತ್ರಯವೇ ತಪ್ಪಿತು. ಈಗ ಅಲ್ಲಿ ಸುಳ್ಳು ವಯಸ್ಸು ಬೇಕಾಗಿರುವುದು ಗಂಡುಹುಡುಗರಿಗೆ ಮಾತ್ರ.

ಪಾರ್ಕುಗಳು ನಮ್ಮ ದೇಶಕ್ಕೆ ತಡವಾಗಿ ಬಂದವು. ದೆಹಲಿಯ ಅಪ್ಪು ಘರ್ 1984ರಲ್ಲಿ, ಮುಂಬಯಿಯ ಎಸ್ಸೆಲ್ ವರ್ಲ್ಡ್ 1989ರಲ್ಲಿ. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ತೆರೆದವರು 2005ರಲ್ಲಿ ಬಿಡದಿಯ ಹತ್ತಿರ ವಂಡರ್‌ಲಾ ತೆರೆದರು. ಆಮೇಲೆ ನಮ್ಮ ಶಾಲೆಗಳ ಪ್ರವಾಸದ ದಾರಿಯೇ ಬದಲಾಯಿತು. ಮೊದಲು ಶ್ರೀರಂಗಪಟ್ಟಣ, ಮೃಗಾಲಯ, ಕನ್ನಂಬಾಡಿ. ಈಗ ಮಕ್ಕಳು ಕೇಳುವುದು ನೀರು, ಜಾರುಬಂಡೆ, ತಲೆಕೆಳಗಾಗುವ ಗಾಡಿ.

ಅಲೀಪುರದ ಮಕ್ಕಳಿಗೆ ಈ ಆಸೆ ಒಂದು ಗುಲಗಂಜಿ ಹೆಚ್ಚೇ ಇತ್ತು ಎಂದು ನನ್ನ ಲೆಕ್ಕ. ನಮ್ಮ ಸುತ್ತಿನ ಎಷ್ಟೋ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬವೆಂದು ಕರೆಯುವ ಮೊಹರಂ ಎಂದರೆ ವೇಷ, ತಮಟೆ, ತಿಂಡಿ. ಶಿಯಾಗಳಿಗೆ ಮೊಹರಂ ಶೋಕದ ದಿನ. ಊರೆಲ್ಲ ಕಪ್ಪು ಬಟ್ಟೆ ಉಟ್ಟ ದಿನಗಳಲ್ಲಿ ತೊಟ್ಟಿಲು ನಿಲ್ಲಿಸುವ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಅವರು ಕಂಡ ರಾಟೆಯೆಲ್ಲ ಬೇರೆ ಊರಿನ ಪರಿಷೆಯದು.

2007ರಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದ ವರ್ಷ, ಏಳನೇ ಕ್ಲಾಸಿನವರನ್ನು ಒಂದು ಪಾರ್ಕಿಗೆ ಕರೆದುಕೊಂಡು ಹೋದೆ. ಹೆಸರು ಬೇಡ, ಅವರದು ತಪ್ಪೂ ಇಲ್ಲ. ಗೇಟಿನಲ್ಲಿ ವಯಸ್ಸು ಕೇಳಲಿಲ್ಲ, ಅಳೆದರು. 140 ಸೆಂಟಿಮೀಟರು ದಾಟದವರಿಗೆಲ್ಲ ಮಕ್ಕಳ ಟಿಕೆಟ್ಟು. ನಮ್ಮಲ್ಲಿ ಹನ್ನೊಂದು ಜನ ದಾಟಲಿಲ್ಲ. ಪ್ರವಾಸದ ದುಡ್ಡಿನಲ್ಲಿ ಅಷ್ಟು ಉಳಿಯಿತಲ್ಲ ಎಂದು ನಾನು ಒಳಗೊಳಗೇ ಸಂತೋಷಪಟ್ಟೆ. ಮಧ್ಯಾಹ್ನ ದೊಡ್ಡ ಗಾಡಿಯ ಮುಂದೆ ಅದೇ 140ರ ಹಲಗೆ. ಒಂದೇ ಬೆಂಚಿನಲ್ಲಿ ಕೂರುವ ಮಕ್ಕಳು ಎರಡು ಪಾಲಾದರು. ಉಳಿದವರು ಹತ್ತಿದರು, ಆ ಹನ್ನೊಂದು ಜನ ಬೇಲಿಯ ಈಚೆ ನಿಂತು ಸ್ನೇಹಿತರ ಚಪ್ಪಲಿ ಕಾದರು. ನಾನು ಉಳಿದ ದುಡ್ಡಿನಲ್ಲಿ ಐಸ್‌ಕ್ರೀಂ ಕೊಡಿಸಿದೆ. ಒಬ್ಬ ಹುಡುಗ ಬೇಡ ಅಂದ.

ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯನ್ನು ನಾನು ನೋಡಿದ್ದು ಆಮೇಲೆ. ಅದರ ಪ್ರಕಾರ ಐದು ತುಂಬಿದ ಹುಡುಗನ ನಡುಮಟ್ಟದ ಎತ್ತರ 110 ಸೆಂಟಿಮೀಟರು. ಹತ್ತೂವರೆಯ ಹೊತ್ತಿಗೆ ಅವನು 140 ಮುಟ್ಟುತ್ತಾನೆ. ಐದಕ್ಕೆ 100.7ಕ್ಕಿಂತ ಕಡಿಮೆ ಇದ್ದವನನ್ನು ಬೆಳವಣಿಗೆ ಕುಂಠಿತ ಎನ್ನುತ್ತಾರೆ. ಅವನು ಅದೇ ಗತಿಯಲ್ಲಿ ಬೆಳೆದರೆ 140 ಕಾಣುವುದು ಹದಿಮೂರರ ಹತ್ತಿರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ ಕರ್ನಾಟಕದಲ್ಲಿ ಐದರೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ಕುಂಠಿತರು. ಕಾರಣ ತಾಯಿಯ ಹೊಟ್ಟೆಯಿಂದ ಶುರುವಾಗುತ್ತದೆ: ರಕ್ತಹೀನತೆ, ಅರೆಹೊಟ್ಟೆ, ಮತ್ತೆ ಮತ್ತೆ ಬರುವ ಭೇದಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ದೇಶದಲ್ಲಿ ಮೊದಲು ಶುರುವಾದ 33 ಕಡೆಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು, 1975ರಲ್ಲಿ. ಅಂದಿನಿಂದ ಅಂಗನವಾಡಿಯಲ್ಲಿ ತೂಗುತ್ತಿದ್ದೇವೆ, ಅಳೆಯುತ್ತಿದ್ದೇವೆ. 2013ರಲ್ಲಿ ಶಾಲೆಗೆ ಹಾಲು ಬಂತು. ಅಷ್ಟಾದರೂ ಆ 35 ಕರಗಿಲ್ಲ. ಪಾರ್ಕಿನ ಹಲಗೆ ಸುಳ್ಳು ಹೇಳುವುದಿಲ್ಲ. ಬೇಲಿಯ ಈಚೆ ಉಳಿದವರು ಯಾರು ಎಂದು ಮಾತ್ರ ಅದು ಕೇಳುವುದಿಲ್ಲ.

ಹಾಗೆಂದು ಗೆರೆಯನ್ನು ಸಡಿಲಿಸಿ ಎಂದು ನಾನು ಹೇಳಲಾರೆ. ಗುಂಡಿ ಕಿತ್ತ ಆ ಚಡ್ಡಿ ನನಗಿನ್ನೂ ನೆನಪಿದೆ.

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗನ ಸರದಿ. ಆರು ವರ್ಷ ಮೂರು ತಿಂಗಳು, ಆಸ್ಪತ್ರೆಯ ಪತ್ರದಲ್ಲಿ ಹುಟ್ಟಿದ ಗಂಟೆ ನಿಮಿಷವೂ ಇದೆ. ಒಂದು ಸಾಧಾರಣ ಗಾಡಿಯ ಮುಂದೆ 120ರ ಗೆರೆ. ಅವನು ಉಸಿರು ಬಿಗಿಹಿಡಿದು ನಿಂತ. ಅಲ್ಲಿದ್ದ ಹುಡುಗಿ ಬಗ್ಗಿ ಅವನ ಹಿಮ್ಮಡಿ ನೋಡಿ, "ಪುಟ್ಟಾ, ಕಾಲು ಕೆಳಗಿಡು" ಅಂದಳು. 115.

"ನಂಗೆ ಆರು ವರ್ಷ ಆಗಿದೆ ಅಕ್ಕಾ."

"ಗೊತ್ತು ಪುಟ್ಟಾ. ಆದರೆ ನೂರ ಇಪ್ಪತ್ತು ಆಗಬೇಕು."

ಅವನು ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಬಲಗೈ ಎತ್ತಿ, ತಲೆಯ ಮೇಲಿಂದ ತಂದು, ಎಡಗಿವಿಯನ್ನು ಹಾಲೆಯವರೆಗೂ ಹಿಡಿದು ತೋರಿಸಿದ. ನಾನೇ ಹೇಳಿಕೊಟ್ಟ ಕಥೆ. ಆ ಹುಡುಗಿಗೆ ಏನೂ ಅರ್ಥವಾಗದೆ, "ತಾತ, ಅವನಿಗೆ ಕಿವಿ ನೋವಾ?" ಎಂದು ಕೇಳಿದಳು.

ಚಿಕ್ಕ ಮಕ್ಕಳ ಕುದುರೆ ಹತ್ತಿಸಿದೆ. ಅಳುತ್ತಲೇ ಹತ್ತಿದ, ಇಳಿಯುವಾಗ ಇನ್ನೊಂದು ಸುತ್ತು ಅಂದ.

ರಜೆಗೆ ಮಕ್ಕಳನ್ನು ಕರೆದುಕೊಂಡು ಹೋಗುವವರಲ್ಲಿ ಒಂದು ವಿನಂತಿ. ಹಿಂದಿನ ರಾತ್ರಿಯೇ ಮನೆಯ ಬಾಗಿಲ ಚೌಕಟ್ಟಿಗೆ ಮಗುವನ್ನು ಆನಿಸಿ ನಿಲ್ಲಿಸಿ ಅಳೆದುಬಿಡಿ. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ನೆಲಕ್ಕೆ ತಾಗಿರಲಿ, ನೆತ್ತಿಯ ಮೇಲೆ ಒಂದು ಪುಸ್ತಕವಿಟ್ಟು ಪೆನ್ಸಿಲ್ ಗೆರೆ ಎಳೆಯಿರಿ. ಯಾವುದು ಹತ್ತಬಹುದು, ಯಾವುದು ಆಗದು ಎಂದು ಮಗುವಿಗೆ ಮನೆಯಲ್ಲೇ ಹೇಳಿ.